ನೋಂದಾಯಿತ ಮಾಲೀಕರು

ಕೆಂಗೇರಿಯಲ್ಲಿ ರಿಜಿಸ್ಟ್ರಿ ಅಂದರೆ ಎದುರಿನ ಕಟ್ಟಡ,
ಮೆಟ್ಟಿಲ ಪಕ್ಕ ಹೆಬ್ಬೆರಳು ಒರೆಸಿ ಒರೆಸಿ
ನೀಲಿಯಾದ ಗೋಡೆ.
ನನ್ನದು ಈಚೆ ಬದಿ: ಏಳಡಿ ಅಂಗಡಿ, ಒಂದು ಜೆರಾಕ್ಸು,
ಎಸ್.ಪಿ. ರೋಡಿನಿಂದ ಆಟೋದಲ್ಲಿ
ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದ
ಹಳೇ ಕಂಪ್ಯೂಟರು.

ಕ್ರಯಪತ್ರ ಒಂದಕ್ಕೆ ಇನ್ನೂರೈವತ್ತು.
‘ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ’
ಎಂದು ನಾನು ಹೊಡೆಯುವಾಗ
ಬೆನ್ನ ಹಿಂದೆ ನಿಂತ ಅಣ್ಣತಮ್ಮಂದಿರು
ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.
ನಿಧಿ, ನಿಕ್ಷೇಪ, ಜಲ, ತರು, ಪಾಷಾಣ.
ಮೂವತ್ತು ನಲವತ್ತರ ಸೈಟಿನಲ್ಲಿ ತರು ಎಲ್ಲಿಂದ ಬರಬೇಕು,
ಆದರೂ ಬಿಡುವ ಹಾಗಿಲ್ಲ.

ಇನ್ನೊಂದು ರಿಜಿಸ್ಟ್ರಿ ಇದೆ ಎಂದವನು ಸೆಲ್ವಮಣಿ.
ಒತ್ತಿದರೆ ಪಟ್ಟಿ ತೆರೆಯಲು ಮೀನಮೇಷ ಎಣಿಸುತ್ತೆ ಕಣೋ,
ಅಂತ ಗೊಣಗಿದ್ದಕ್ಕೆ ಫೋನಿನಲ್ಲೇ ನಕ್ಕ:
‘ಅದು ಸೋಮಾರಿ ಅಲ್ಲಕ್ಕಾ. ಹಾಗೆ ಬರೆದಿಟ್ಟಿದ್ದಾರೆ.
ಮೊದಲು ಒಂದು ನಕಲು ತೆಗೆದಿಡಿ. ಅಲ್ಲಿ ತಿದ್ದಿದ್ದು
ತಿದ್ದಿದ ಹಾಗೇ ಖಾಯಂ. ಸೇವ್ ಮಾಡಲಾ ಅಂತ ಕೇಳಲ್ಲ,
ವಾಪಸ್ ಅನ್ನೋದೂ ಇಲ್ಲ.’
ನಮ್ಮ ಬೀದೀಲೂ ಹಾಗೇ ಕಣಪ್ಪ, ಅಂದೆ.

ಎಡಕ್ಕೆ ಹಳದಿ ಫೋಲ್ಡರುಗಳು, ಒಂದರೊಳಗೆ ಒಂದು,
ದೊಡ್ಡ ಸರ್ವೆ ನಂಬರು ಒಡೆದು ಒಡೆದು ಪೋಡಿಯಾದ ಹಾಗೆ.
ತಳದಲ್ಲಿ ನಾನೂರು ಎಂದು ಬರೆದಿತ್ತು.
ಸೆಕೆಂಡಿನ ಸಾವಿರ ಪಾಲಿನಲ್ಲಿ ನಾನೂರು ಪಾಲು
ಇವಳನ್ನು ಕಾಯಿಸು ಎಂದು
ಎಲ್ಲಿಯದೋ ಆಫೀಸಿನಲ್ಲಿ ಯಾರೋ
ನನ್ನ ಮುಖ ನೋಡದೆ ಕೊಟ್ಟ ಆದೇಶ.
ಸೊನ್ನೆ ಹಾಕಿದೆ.
ಆರಿಸಿ ಹಚ್ಚಿದರೆ, ಪಟ್ಟಿ
ಬೆರಳಿಗಿಂತ ಮುಂಚೆ ಬಂದು ಕೂತಿತ್ತು.

ಆಮೇಲೆ ಚಟ. ಭಾನುವಾರ, ಶಟರು ಅರ್ಧ ಇಳಿಸಿ.
ಬೆಳಗಿಗೆ ಅದರೊಳಗಿನ ಹೆಸರು ಎಸ್ ೧೧೫೯,
ಹನ್ನೆರಡಕ್ಕೆ ಒಂದು ನಿಮಿಷ ಕಮ್ಮಿ.
ಅಷ್ಟೇ ಬೆಳಗು ಅದಕ್ಕೆ ಗೊತ್ತಿರುವುದು;
ಹಾಲಿನವನೂ ಇಲ್ಲ, ಮಂಜೂ ಇಲ್ಲ.
ಎ.ಎಂ. ಅಳಿಸಿ ‘ಬೆಳಗು’ ಎಂದೆ,
ಪಿ.ಎಂ. ಅಳಿಸಿ ‘ಇಳಿಹೊತ್ತು’.
ಮೂಲೆಯ ಗಡಿಯಾರ ತಕರಾರಿಲ್ಲದೆ ಒಪ್ಪಿತು.

ಹಾಗೇ ಇಳಿಯುತ್ತ ಇಳಿಯುತ್ತ ಸಿಕ್ಕಿತು ಒಂದು ಸಾಲು:
ನೋಂದಾಯಿತ ಮಾಲೀಕರು.
ಎದುರಿಗೆ ಫಿಲೋಮಿನಾ.
ಅದರ ಕೆಳಗೆ, ಸಂಸ್ಥೆ:
ಪೀಣ್ಯದ ಯಾವುದೋ ಸ್ಪ್ರಿಂಗ್ ಕಾರ್ಖಾನೆ.

ನಾಲ್ಕು ವರ್ಷ
ಇವಳ ಸ್ವತ್ತಿನ ಮೇಲೆ ಕೂತು
ಊರವರ ಸ್ವತ್ತಿಗೆಲ್ಲ ಹೆಸರು ಬದಲಿಸಿದ್ದೆ.

‘ಲಾಟಲ್ಲಿ ಬಂದಿದ್ದಕ್ಕಾ, ಹನ್ನೆರಡು ಡಬ್ಬ.
ಕಾರ್ಖಾನೆ ಮುಚ್ಚಿತು. ಯಾರಂತ ಗೊತ್ತಿಲ್ಲ,’ ಅಂದ ಸೆಲ್ವಮಣಿ.
‘ಬದಲಾಯಿಸ್ಕೊಳಿ, ಎರಡು ಕ್ಲಿಕ್ಕು.’

ಎರಡು ಕ್ಲಿಕ್ಕು. ಛಾಪಾ ಕಾಗದ ಇಲ್ಲ, ಸಾಕ್ಷಿ ಇಲ್ಲ,
ಋಣಭಾರ ಪತ್ರ ತಾ ಅನ್ನುವವರಿಲ್ಲ.
ಚಕ್ಕುಬಂದಿ ಬೇಕಾದರೆ ನಾನೇ ಹೇಳಿಯೇನು:
ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಜೆರಾಕ್ಸು, ಉತ್ತರಕ್ಕೆ ನಾನು,
ದಕ್ಷಿಣಕ್ಕೆ ರಸ್ತೆ, ಅದರಾಚೆ
ಕಣ್ಣಿಗೆ ಬೀಳದ ವೃಷಭಾವತಿಯ ನಾತ.

ಟಿ. ಶಿವಗಂಗಮ್ಮ ಎಂದು ಹೊಡೆದೆ. ಅಳಿಸಿದೆ.
ಟೀ ತರಿಸಿದೆ.
ಅವಳೂ ಕಾದಿರಬೇಕು, ಪಟ್ಟಿ ತೆರೆಯಲಿ ಎಂದು,
ಸಂಬಳದ ಲೆಕ್ಕ ಮುಗಿಸಿ ಬಸ್ಸು ಹಿಡಿಯಲು,
ಪ್ರತಿ ಸಲ ಆ ನಾನೂರು ಪಾಲು.

ಮತ್ತೆ ಹೊಡೆದೆ. ಮಾಲೀಕರ ಜಾಗದಲ್ಲಿ ನಾನು.
ಸಂಸ್ಥೆ ಅನ್ನುವ ಕಡೆ ಕಾರ್ಖಾನೆ ಅಳಿಸಿ
ಫಿಲೋಮಿನಾ ಎಂದು ಬರೆದೆ.
ಯಾರೂ ಇಣುಕುವ ಜಾಗವಲ್ಲ.

ಸೋಮವಾರ ಮೊದಲ ಗಿರಾಕಿ, ಸಾತನೂರಿನ ಯಜಮಾನರು,
ಟೋಕನ್ ಹಿಡಿದು ಗಾಬರಿಯಲ್ಲಿ ಟೈಮು ಕೇಳಿದರು.
ಪರದೆ ಅತ್ತ ತಿರುಗಿಸಿದೆ.
‘ಹತ್ತೂ ಇಪ್ಪತ್ತು, ಬೆಳಗು,’
ಕನ್ನಡಕ ಏರಿಸಿ ಓದಿದರು, ಎರಡು ಸಲ.
‘ಇದು ಹೀಗೂ ಹೇಳುತ್ತಾ?’

ಹೇಳುತ್ತೆ, ಕೂತ್ಕೊಳಿ.
ಅಪ್ಪನ ಹೆಸರು?