ಹೂ ಬರೂತನಕ

ಬಿಲ್ಕಿಸ್ ಆಪಾ ಅರ್ಧ ಹಣ್ಣು ಕೊಟ್ಟಳು,
ಉಳಿದರ್ಧ ಮೊಮ್ಮಗನಿಗೆ ಎತ್ತಿಟ್ಟು.
ತಿಂದಾದ ಮೇಲೆ ಪರಾತದಲ್ಲಿ ಉಳಿದವು ಕರಿ ಬೀಜ,
ಮೀನಿನ ತತ್ತಿಯಂತೆ ಜಿಗುಟು,
ಒಂದೊಂದಕ್ಕೂ ಒಂದು ನೀರಿನ ಅಂಗಿ.

"ಅಂಗಿ ಕಳೀದೆ ಮೊಳಕಿ ಬರೂದಿಲ್ಲವ್ವ."
ಒಲೆಯ ಬೂದಿ ಹಚ್ಚಿ ಅಂಗೈಯಲ್ಲಿ ತಿಕ್ಕಿದೆ.
ಪಟ್ ಪಟ್ ಒಡೆದವು.
ಒಳಗೆ ಸುಕ್ಕು ಮೋರೆಯ ಮೆಣಸಿನ ಕಾಳು.
ಹಳೆ ರವಿಕೆಯ ಮೇಲೆ ನೆರಳಿಗೆ ಹರವಿದೆ.

ಶಹಾಬಾದದಲ್ಲಿ ಕಲ್ಲಿಗೆ ಬರವಿಲ್ಲ, ಮಣ್ಣಿಗೆ ಬರ.
ಎಲ್ಲಿ ಗುದ್ದಲಿ ಹಾಕಿದರೂ ಪರಸಿ ಖಣ್ ಅನ್ನುತ್ತದೆ.
ಅಂಗಳ ಅದೇ, ಗೋಡೆ ಅದೇ,
ಬಟ್ಟೆ ಒಗೆಯುವುದೂ ಅದರ ಮೇಲೆ,
ಸತ್ತವರ ಹೆಸರು ಕೊರೆಯುವುದೂ ಅದರ ಮೇಲೆ.
ಹಿತ್ತಲಲ್ಲಿ ಹಾರಿ ಹಾಕಿ ನಾಲ್ಕು ಪರಸಿ ಎಬ್ಬಿಸಿ
ಭಂಕೂರದ ಯರಿ ಮಣ್ಣು ಚೀಲದಲ್ಲಿ ತಂದು
ಗುಡ್ಡೆ ಮಾಡಿದೆ,
ನೀರು ನಿಂತರೆ ಬುಡ ಕೊಳೆಯುತ್ತದಂತೆ.

ಹದಿನೆಂಟನೇ ದಿನ
ಬೆನ್ನು ಬಾಗಿಸಿ ಮೇಲೆದ್ದವು ಹನ್ನೊಂದು,
ತಲೆಯ ಮೇಲೆ ಬೀಜದ ಟೋಪಿ ಹೊತ್ತು.
ಎಂಟನ್ನು ಪಕ್ಕದ ಮನೆಯ ಆಡು ತಿಂದಿತು.

ನನ್ನ ಕೆಲಸ, ಕಲಬುರಗಿಯ ಒಂದು ಸ್ಕ್ಯಾನಿಂಗ್ ಕೋಣೆಯ
ಬಾಗಿಲು ಕಾಯುವುದು.
ಬೆಳಿಗ್ಗೆ ಪ್ಯಾಸೆಂಜರ್ ಗಾಡಿ, ಸಂಜೆ ಪ್ಯಾಸೆಂಜರ್.
ನೀರು ಕುಡೀರಿ, ಇನ್ನೊಂದು ಗ್ಲಾಸು, ತಡ್ಕೋರಿ ಇನ್ನಷ್ಟು.
ಹೊಟ್ಟೆಗೆ ಹಚ್ಚಿದ ತಣ್ಣನೆಯ ಜೆಲ್ ಒರೆಸುವುದೂ ನಾನೇ.
ತಲೆಯ ಮೇಲೊಂದು ಬೋರ್ಡು:
ಇಲ್ಲಿ ಹೇಳುವುದಿಲ್ಲ, ಹೇಳುವುದು ಅಪರಾಧ.
ಆದರೂ ಅತ್ತೆಯರು ನೋಟು ಮಡಚಿ ಕೈಗೆ ತುರುಕುತ್ತಾರೆ,
"ಬಾಯಿ ಬಿಡಬ್ಯಾಡವ್ವ. ಕಣ್ಣ ಒಂದ್ಸಲ ಮುಚ್ಚಿ ತೆಗಿ, ಸಾಕು."
ನನಗಾದರೂ ಏನು ಗೊತ್ತು? ಪರದೆಗೆ ಬೆನ್ನು ಮಾಡಿ ನಿಲ್ಲುವವಳು.
ಆದರೂ ಕಣ್ಣು ಪಿಳುಕಿಸದೆ ನಿಲ್ಲುವುದನ್ನು ಕಲಿತೆ,
ಧೂಳು ಬಿದ್ದರೂ.

ಐದು ತಿಂಗಳಿಗೆ ಮೂರೂ ನನ್ನೆತ್ತರ.
ಈಗ ಗಲ್ಲಿಯೇ ಕೇಳತೊಡಗಿತು.
ಹಾಲಿನ ಭೀಮಶಾ ಕ್ಯಾನು ಇಳಿಸುವ ಮೊದಲೇ
"ಏನ್ ಗೊತ್ತಾತು? ಹೆಣ್ಣಾಗ್ಲಿ ಅಕ್ಕಾ, ಹೆಣ್ಣಾಗ್ಲಿ."
ಈ ಬೇಡಿಕೆಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.
ನಗು ಬಂತು. ಅರ್ಧಕ್ಕೇ ನಿಂತಿತು.

ಎರಡು, ಕಾಂಡಕ್ಕೆ ಅಂಟಿಕೊಂಡೇ ದಪ್ಪ ಮೊಗ್ಗು ಬಿಟ್ಟವು.
ಮೂರನೆಯದು ಎಳೆ ಎಳೆಯಾಗಿ ಇಳಿಬಿಟ್ಟಿತು ಹೂವು,
"ದೂಲ್ಹಾನ ಸೆಹರಾ!" ಅಂದಳು ಆಪಾ.
"ಕಡೀರಿ. ಇಲ್ಲಾಂದ್ರ ಮೊಳಿ ಹೊಡೀರಿ,
ಹೆದರಿ ಹೆಣ್ಣಾಗ್ತದ," ಭೀಮಶಾ
ಮರುದಿನ ತಾನೇ ತಂದ, ತುಕ್ಕು ಹಿಡಿದ ಮೂರಿಂಚಿನ ಮೊಳೆ.
ಇಸಕೊಂಡು ಗೋಡೆಗೆ ಹೊಡೆದೆ, ಚೀಲ ತೂಗಹಾಕಲು.
ಪರಸಿ ಗೋಡೆ. ಮೊಳೆಯೇ ಬಾಗಿತು.

ರಾತ್ರಿ ಗಾಡಿ ಇಳಿದು ಹಿತ್ತಲಿಗೆ ಬಂದರೆ
ಏನೂ ಕೊಡದ ಆ ಗಿಡದ ಕೆಳಗೇ ಘಮ.
ದೊಡ್ಡ ಪತಂಗವೊಂದು
ಅದರಿಂದ ಇವುಗಳಿಗೆ, ಇವುಗಳಿಂದ ಅದಕ್ಕೆ.
ನಾನು ಚಪ್ಪಲಿ ಕಳಚಿ ತಣ್ಣನೆಯ ಕಲ್ಲ ಮೇಲೆ
ಸುಮ್ಮನೆ ನಿಲ್ಲುತ್ತೇನೆ.

ಮಾಡಬೂಳದ ಸಾಬವ್ವ, ಮೂರನೇ ಸಲದ ಬಸುರಿ,
ನನ್ನ ಊಟದ ಡಬ್ಬಿ ನೋಡಿ ಉಗುಳು ನುಂಗಿದ್ದಳು,
"ನೋಡಿದ್ರೂ ಇಳೀತದ ಅಂತಾರ ನಮ್ಮತ್ತಿ, ಖರೇ ಏನ್ರೀ?"
ನಾನು ಮುಚ್ಚಳ ಹಾಕಿದ್ದೆ.

ಚಳಿಗಾಲದಲ್ಲಿ ಬಂದಳು, ಕೌದಿಯೊಳಗೆ ಒಂದು ಪುಟ್ಟ ಮೂಗು.
"ಈಗ ಕೊಡ್ರಿ."
ಕೂಸನ್ನು ನನ್ನ ತೋಳಿಗೆ ಹಾಕಿ
ನಿಂತೇ ತಿಂದಳು, ರಸ ಮೊಣಕೈತನಕ.
ಬೀಜ ಉಗುಳಲಿಲ್ಲ, ಸೆರಗಿನ ತುದಿಗೆ ಕಟ್ಟಿದಳು.
"ಇದ್ರಾಗ ಗಂಡೆಷ್ಟು, ಹೆಣ್ಣೆಷ್ಟು?"

ರೂಢಿಯ ಕೈ, ತಾನೇ ಎದ್ದು ಬೋರ್ಡು ತೋರಿಸಿತು.
ಸಾಬವ್ವ ನಕ್ಕ ನಗೆಗೆ
ಒಳಗಿನಿಂದ ಡಾಕ್ಟರಮ್ಮ ಇಣುಕಿದರು,
ಕೂಸು ಎಚ್ಚರಾಗಿ ಕಿರುಚತೊಡಗಿತು, ನಾನು
ಮುಂದಿನವಳ ಹೆಸರು ಕೂಗುತ್ತಲೇ
ಮೆಟ್ಟಿಲಿಳಿಯುವ ಬೆನ್ನಿಗೆ ಹೇಳಿದೆ:
ಬೂದಿ ಹಚ್ಚಿ ತಿಕ್ಕು, ಮರೀಬ್ಯಾಡ.