ಕಮಾನಿನ ಕೆಳಗಿನ ಮರ

ಮೊದಲು ನೆಲದ ಮೇಲೆ ಬರೆದರು,
ಒಕ್ಕಣೆಯ ಕಣದಲ್ಲಿ, ಹಗ್ಗ ಹಿಡಿದು, ಸುಣ್ಣದಿಂದ.
ಅರ್ಧಚಂದ್ರವಲ್ಲ, ಅದಕ್ಕಿಂತ ಚಪ್ಪಟೆ:
ನವಣೆ ಕೊಯ್ಯುವವಳ ಬೆನ್ನಿನಷ್ಟು ಬಾಗು.
"ಇಷ್ಟು ತಗ್ಗಿದರೆ ನಿಲ್ಲುತ್ತದೆಯೇ?" ಎಂದೆ.
ಕಲ್ಲುಕುಟಿಗ ದೋವ್ ನಕ್ಕ.
"ನಿಲ್ಲುವುದೆಲ್ಲಿ ಬಂತು, ಬೀಳುತ್ತಲೇ ಇರುತ್ತದೆ.
ಎರಡೂ ದಡದಿಂದ ಬೀಳುವ ಕಲ್ಲುಗಳು
ನಡುವೆ ಒಂದಕ್ಕೊಂದು ದಾರಿ ಬಿಡುವುದಿಲ್ಲ, ಅಷ್ಟೆ."

ನಾನು ಬಡಗಿ, ಲುವಾನ್ ಅರ್ಷುನ್.
ಕಲ್ಲು ಕೂಡಿಕೊಳ್ಳುವ ತನಕ ಹೊರುವ ಮರ ನನ್ನದು,
ಕೂಡಿದ ದಿನ ಕಳಚಬೇಕಾದ ಮರ.
ಇಡೀ ಹೊಳೆಗಾಗುವಷ್ಟು ಮರ ಆ ಬಯಲಲ್ಲಿ ಎಲ್ಲಿ?
ವಿಲೋ ಬಾಗುತ್ತದೆ, ಬೋರೆ ಸೀಳುತ್ತದೆ,
ಬೆಟ್ಟದ ಪೈನ್ ಅರಮನೆಗಳಿಗೆ ಹೋಗುತ್ತದೆ.
ಹಾಗಾಗಿ ಒಂದು ಪಟ್ಟಿಗಾಗುವಷ್ಟೇ ಅಟ್ಟಣಿಗೆ:
ಒಂದು ಸಾಲು ಕಮಾನು ಕೂಡಿಸು, ಬೆಣೆ ಸಡಿಲಿಸು,
ಮೊಳದಷ್ಟು ಪಕ್ಕಕ್ಕೆ ಜರುಗಿಸು, ಮತ್ತೆ ಕೂಡಿಸು.
ಇಪ್ಪತ್ತನಾಲ್ಕು ಸಲ.
ನಾಲ್ಕು ಚಳಿಗಾಲ ಹೊಳೆ ಹೆಪ್ಪುಗಟ್ಟಿ ಕರಗಿತು.
ಸಾಲುಗಳು ಬೇರಾಗದಂತೆ ಕಮ್ಮಾರ ಗೆಂಗ್
ಕಲ್ಲಿನ ಗಾಯಗಳಲ್ಲಿ ಕಬ್ಬಿಣದ ಚಿಟ್ಟೆಗಳನ್ನು ಕೂರಿಸಿದ.

ದೋವ್ ಕಮಾನಿನ ಎರಡೂ ಹೆಗಲಲ್ಲಿ
ಎರಡೆರಡು ಕಿಂಡಿ ಬಿಟ್ಟ.
"ಅಷ್ಟು ಕಲ್ಲು ಯಾರ ಮನೆ ಸೇರಿತು?" ಅಧಿಕಾರಿ ಕೇಳಿದ.
"ಹೊಳೆಗೂ ಬಾಗಿಲು ಬೇಕು, ಸ್ವಾಮಿ.
ಇಲ್ಲದ ಮನೆಗೆ ಗೋಡೆ ಒಡೆದು ಬರುತ್ತದೆ."

ಯಿನ್ ಅಜ್ಜಿ ಆಳುಗಳಿಗೆಂದು ಮೂರು ಚೀಲ ನವಣೆ ಕೊಟ್ಟಳು,
ಒಂದು ಕಲ್ಲಿಗೆ ಅವಳ ಹೆಸರು ಕೆತ್ತಿದೆವು.
ಓದು ಬಾರದ ಹುಡುಗ ಅದನ್ನು ಮಗುಚಿಟ್ಟ,
ಅಕ್ಷರ ಒಳಕ್ಕೆ.
ಅಜ್ಜಿ ಅತ್ತಳು, ಅವನ ಏಳು ತಲೆಮಾರನ್ನು ಬೈದಳು,
ಕೊನೆಗೆ ಮೂಗೊರೆಸಿಕೊಂಡು
"ಹೋಗಲಿ, ಮಳೆಯಾದರೂ ತಾಗುವುದಿಲ್ಲ" ಎಂದಳು.

ಕೊನೆಯ ಬೆಣೆ ಹೊಡೆದವನು ನಾನೇ.
ಕಮಾನು ಇಳಿಯಿತು,
ಉಗುರಿನ ದಪ್ಪ, ಅದಕ್ಕಿಂತ ಕಡಿಮೆ.
ದೋವ್ ಕಲ್ಲಿಗೆ ಕಿವಿ ಇಟ್ಟಿದ್ದ.
ಯಾರೂ ಕೆಮ್ಮಲಿಲ್ಲ.
ಆಮೇಲೆ, ಪೂಜೆಗೂ ಮುಂಚೆ, ಉಪ್ಪು ಮಾರುವ ಹುಡುಗಿಯೊಬ್ಬಳು
ಮೊಂಡು ಕತ್ತೆಯನ್ನು ಹಿಂದಿನಿಂದ ದಬ್ಬುತ್ತ
ಆಚೆ ದಡ ಸೇರಿಬಿಟ್ಟಳು.

ಅಟ್ಟಣಿಗೆಯ ಮರವನ್ನು ಹರಾಜು ಹಾಕಿದರು.
ನನಗೆ ಸಿಕ್ಕಿದ್ದು ಒಂದು ಹಲಗೆ, ತುಂಬ ಉಳಿಯ ಗಾಯ;
ಮೂವತ್ತು ವರ್ಷದಿಂದ ಅದು ಹಂದಿಗೂಡಿನ ಬಾಗಿಲು.

ಇವತ್ತು ನೆರೆ.
ಹೊಳೆ ನಾಲ್ಕೂ ಕಿಂಡಿಗಳಲ್ಲಿ ನುಗ್ಗಿ ಹೋಗುತ್ತಿದೆಯಂತೆ,
ಊರಿಗೆ ಊರೇ ನೋಡಲು ಓಡಿದೆ.
ಹಲಗೆ ನೀರುಂಡು ಉಬ್ಬಿದೆ, ಮುಚ್ಚುತ್ತಿಲ್ಲ,
ಒಳಗಿನಿಂದ ಹಂದಿ ಗುಮ್ಮುತ್ತಿದೆ.
ಹೆಗಲು ಕೊಟ್ಟು ನಿಂತಿದ್ದೇನೆ.
ಬೆಣೆ ತರಲು ಹೋದ ಮೊಮ್ಮಗ ಇನ್ನೂ ಬಂದಿಲ್ಲ,
ಅವನೂ ಸೇತುವೆಯ ಮೇಲೆ ಇರಬೇಕು.