ನೆತ್ತಿಗೊಂದು ಚುಕ್ಕೆ

ಜನವರಿ ಒಂಬತ್ತು. ಹೊರಗೆ ಓಸ್ತ್ರಾವಾದ ಕಲ್ಲಿದ್ದಲ ದಿಬ್ಬದ ಮೇಲೆ
ಹಿಮಕ್ಕೂ ಮಸಿಬಣ್ಣ.
ಒಳಗೆ, ಬಕೆಟ್ಟಿನ ಒದ್ದೆ ಮರಳಲ್ಲಿ
ಎರಡು ದಿನ ತೋಡಿ, ಮುಚ್ಚಿ, ಮನಸ್ಸು ಬದಲಿಸಿ ಮತ್ತೆ ತೋಡಿ
ಮೂರನೆಯ ಸಂಜೆ ಹಿಮ್ಮುಖವಾಗಿ ಬಿಲಕ್ಕಿಳಿದಳು ಪಾನಿ.
ಪಾನಿ ಅಂದರೆ ನಮ್ಮಲ್ಲಿ ಅಮ್ಮಾವ್ರು;
ಊಸರವಳ್ಳಿಯ ಆ ಗತ್ತಿನ ನಡಿಗೆ ನೋಡಿ
ನನ್ನ ಹೆಂಡತಿ ದ್ರಾಹೊಮೀರಾ ಇಟ್ಟ ಹೆಸರು.
ಬೆಳಿಗ್ಗೆ ಮೇಲೆ ಬಂದಾಗ ಹೊಟ್ಟೆ ಜೋತ ಚೀಲ,
ಉಗುರ ತುಂಬ ಮರಳು,
ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಎಲೆಯಂಚಿನ ಹನಿಯ ಮೇಲೆ.

ಚಹಾ ಚಮಚದಿಂದ ಅಗೆದೆ. ಇಪ್ಪತ್ತೊಂಬತ್ತು.
ನೆನೆಸಿಟ್ಟ ಬಿಳಿ ಬೀನ್ಸ್ ಕಾಳಿನ ಹಾಗೆ.
ಹೊರಳಿಸಬಾರದು. ಹೇಗೆ ಮಲಗಿತ್ತೋ ಹಾಗೇ ಮಲಗಬೇಕು,
ಹೊರಳಿದರೆ ಒಳಗಿನದು ತನ್ನ ಹಳದಿಯಲ್ಲೇ ಮುಳುಗುತ್ತದಂತೆ.
ಮೆತ್ತನೆ ಪೆನ್ಸಿಲು, ಒಂದೊಂದರ ನೆತ್ತಿಗೂ ಒಂದು ಚುಕ್ಕೆ.

ಭಾವಮೈದುನನ ಮುಚ್ಚಿಹೋದ ಅಂಗಡಿಯಿಂದ ತಂದ ವೈನ್ ಪೆಟ್ಟಿಗೆ.
ತಂತಿ ಬದಲಿಸಿ ಇಪ್ಪತ್ತನಾಲ್ಕು ಡಿಗ್ರಿಗೆ ನಿಲ್ಲಿಸಿದೆ.
ವೈನು ಕೆಟ್ಟಿತು. ಇರಲಿ.

ನಾನು ಲಿಫ್ಟ್ ರಿಪೇರಿಯವನು.
ಇಪ್ಪತ್ತಾರು ವರ್ಷದಿಂದ ಕೆಲಸ ಒಂದೇ: ಮುಚ್ಚಿಕೊಂಡದ್ದನ್ನು ತೆರೆಯುವುದು.
ನಾಲ್ಕು ಐದರ ನಡುವೆ ಸಿಕ್ಕಿಕೊಂಡವರಿಗೆ ಕೆಳಗಿಂದ ಕೂಗುತ್ತೇನೆ:
ಗುಂಡಿ ಒತ್ತಬೇಡಿ, ಬಾಗಿಲು ಎಳೆಯಬೇಡಿ,
ಸುಮ್ಮನೆ ಕೂತಿರಿ, ಬಂದೆ.
ಈ ಐಸ್‌ಕ್ರೀಂ ಡಬ್ಬಿಯ ಮುಂದೆ ಕೂತು
ಏಳು ತಿಂಗಳು ಅದನ್ನೇ ನನಗೆ ಹೇಳಿಕೊಂಡೆ,
ಬಂದೆ ಅನ್ನುವುದೊಂದನ್ನು ಬಿಟ್ಟು.

ಫೆಬ್ರವರಿಯಲ್ಲಿ ಎರಡಕ್ಕೆ ಬೂಷ್ಟು.
ಮಾರ್ಚಿನಲ್ಲಿ ಕರೆಂಟು ಹೋದ ರಾತ್ರಿ
ದ್ರಾಹೊಮೀರಾ ಡಬ್ಬಿಯನ್ನು ಹೊದಿಕೆಯೊಳಗೆಳೆದುಕೊಂಡು
ಬೆಳಗಿನವರೆಗೆ ಅಂಗಾತ ಮಲಗಿದಳು.
ಮದುವೆಯಾದಾಗಿನಿಂದ ಅವಳು ಹೊರಳದೆ ಮಲಗಿದ್ದು ಅದೊಂದೇ ಸಲ.
ಮೇ ತಿಂಗಳಲ್ಲಿ ಏನೂ ಇಲ್ಲ.
ಜೂನ್, ಏನೂ ಇಲ್ಲ.
ಪಾನಿ ಯಾವಾಗಲೋ ಮರೆತಿದ್ದಳು. ಡಬ್ಬಿ ಹಿಡಿದು ಎದುರು ನಿಂತರೂ
ಅವಳ ಎರಡು ಕಣ್ಣೂ ಒಟ್ಟಿಗೆ ಸೇರುತ್ತಿದ್ದದ್ದು
ಮಿಡತೆಯ ಮೇಲೆ ಮಾತ್ರ.

ಆಗಸ್ಟ್. ಮೊಟ್ಟೆಗಳು ಬೆವರಿದವು.
ತುದಿಯಲ್ಲಿ ನಕ್ಷತ್ರದ ಹಾಗೆ ಸೀಳು, ಸೀಳಿನಲ್ಲೊಂದು ಮೂತಿ,
ಮೂತಿ ಹೊರಗಿಟ್ಟು ಅರ್ಧ ದಿನ ಯೋಚನೆ,
ಆಮೇಲೆ ಒಂದು ಕೈ. ಅಷ್ಟರಲ್ಲೇ ಕೊಂಬೆ ಹುಡುಕುವ ಬೆರಳು.
ಎರಡು ದಿನದಲ್ಲಿ ಇಪ್ಪತ್ತಮೂರು.
ಮೂರು ತೆರೆಯಲೇ ಇಲ್ಲ, ತೆರೆಯುವುದೂ ಇಲ್ಲ, ಬಣ್ಣವೇ ಹೇಳುತ್ತಿತ್ತು.
ಉಳಿದದ್ದು ಒಂದು: ಸೀಳಿದೆ, ಮೂತಿ ಇಲ್ಲ.
ರಾತ್ರಿ ಹನ್ನೊಂದು. ನನ್ನ ಕೈಯಲ್ಲಿ ಹೊಸ ಬ್ಲೇಡು.

ಫೋನು ಬಡಿಯಿತು. ಪೊರುಬಾದಲ್ಲಿ ಲಿಫ್ಟ್ ನಿಂತಿದೆ, ಒಳಗೊಬ್ಬಳು ಹುಡುಗಿ.
ಹೋದೆ. ಮೆಟ್ಟಿಲಲ್ಲೇ ಕೇಳಿಸಿತು:
ಕಬ್ಬಿಣದ ಬಾಗಿಲ ಹಿಂದೆ ಅಕಾರ್ಡಿಯನ್,
ತಪ್ಪಿದಲ್ಲೇ ತಪ್ಪಿ, ಹಿಂದೆ ಹೋಗಿ, ಮತ್ತೆ ಅದೇ ಸಾಲು.
ಕೀಲಿ ಹಾಕಿದೆ.
ಒಳಗಿನಿಂದ ಅವಳು: ಒಂದು ನಿಮಿಷ ತಾಳಿ, ಈಗ ಬರ್ತಾ ಇದೆ.
ತಾಳಿದೆ.
ಕೈ ಕೀಲಿಯ ಮೇಲೇ ಇತ್ತು.
ಬಂತು.

ಮನೆಗೆ ಮರಳಿದಾಗ ಮೂರು ಗಂಟೆ.
ಆ ಮೊಟ್ಟೆ ಕುಸಿದಿತ್ತು, ಚುಕ್ಕೆ ಒಳಕ್ಕೆ ಮಡಚಿತ್ತು.
ಡಬ್ಬಿಯ ತಳವೆಲ್ಲ ಹುಡುಕಿದೆ.
ಮುಚ್ಚಳಕ್ಕೆ ಕೊರೆದ ಗಾಳಿಕಂಡಿಗೆ ಜೋತುಕೊಂಡು,
ಬೆಂಕಿಕಡ್ಡಿಯುದ್ದ, ಇನ್ನೂ ಯಾವ ಬಣ್ಣವನ್ನೂ ಕಲಿಯದೆ,
ನಾನು ಏಳು ತಿಂಗಳು ಹೊರಳದಂತೆ ಕಾದದ್ದು
ತಲೆಕೆಳಗಾಗಿ ನೇತಾಡುತ್ತಿತ್ತು.